ಭಾಷೆ ಕಲಿಸುತ್ತಿದ್ದ ಟೀಚರ್ ಇರುವೆಗಳ ಬೆನ್ನು ಹತ್ತಿದಾಗ

ಪ್ರಶ್ನೆ: 19ನೇ ಶತಮಾನದಲ್ಲಿ ತವರು ಬಿಟ್ಟು ದೂರದ ದೇಶಕ್ಕೆ ಹೋಗಿ, ಅಲ್ಲಿ ಭಾಷೆ ಕಲಿಸುತ್ತಾ ಬದುಕಿದ ಕೆಲವು ಹೆಂಗಸರ ಬಗ್ಗೆ ಓದಿದ್ದೇನೆ. ಅವರಲ್ಲಿ ಗಿಡ, ಹುಳ, ಹಕ್ಕಿ ನೋಡಿ ಬರೆದಿಟ್ಟವರೂ ಇದ್ದಾರಂತೆ. ಎಲ್ಲ ಕಡೆ ಅವರನ್ನು ‘ಹವ್ಯಾಸಿ’ ಅಂತಲೇ ಕರೆಯುತ್ತಾರೆ. ಅವರು ಮಾಡಿದ್ದು ಸುಮ್ನೆ ಹೊತ್ತು ಕಳೆಯುವ ಕೆಲಸವಾ, ಇಲ್ಲಾ ವಿಜ್ಞಾನಕ್ಕೆ ನಿಜವಾಗಿ ಏನಾದರೂ ಸೇರಿತಾ? ಭಾಷೆ ಕಲಿಸುವುದಕ್ಕೂ ಹುಳ ನೋಡುವುದಕ್ಕೂ ಏನಾದರೂ ನಂಟಿದೆಯಾ? ಒಬ್ಬರ ಬದುಕನ್ನಾದರೂ ಬಿಡಿಸಿ ಹೇಳಿ.

ಉತ್ತರ: ನಂಟು ಇದೆ, ಅದೂ ಗಟ್ಟಿಯಾಗಿಯೇ ಇದೆ. ಅದನ್ನು ತೋರಿಸಲು ನಾನು ಆರಿಸಿಕೊಳ್ಳುವ ಹೆಸರು ಅಡೆಲ್ ಮೇರಿಯನ್ ಫೀಲ್ಡ್. ಇರುವೆಗಳ ಬಗ್ಗೆ ಕೆಲಸ ಮಾಡುವವರಿಗೆ ಈ ಹೆಸರು ಗೊತ್ತು. ಚೀನಾದ ದಕ್ಷಿಣ ಕರಾವಳಿಯ ಭಾಷೆಗಳನ್ನು ಓದುವವರಿಗೂ ಗೊತ್ತು. ಆದರೆ ಈ ಎರಡೂ ಗುಂಪಿನವರು ಒಬ್ಬರನ್ನೊಬ್ಬರು ಮಾತಾಡಿಸುವುದು ಕಡಿಮೆ. ಹಾಗಾಗಿ ನಿಘಂಟು ಬರೆದ ಮಿಸ್ ಫೀಲ್ಡ್ ಮತ್ತು ಇರುವೆ ಸಾಕಿದ ಮಿಸ್ ಫೀಲ್ಡ್ ಒಬ್ಬರೇ ಅನ್ನುವುದು ಬಹಳ ಜನರ ಗಮನಕ್ಕೆ ಬಂದಿಲ್ಲ.

ವಲಸೆ ಅಂದರೆ ನಮಗೆ ಏಷ್ಯಾದಿಂದ ಅಮೆರಿಕಕ್ಕೆ ಹೋಗುವುದೇ ನೆನಪಾಗುತ್ತದೆ ಅಲ್ವಾ? ಫೀಲ್ಡ್ ಹೋದದ್ದು ಉಲ್ಟಾ ದಿಕ್ಕಿಗೆ. ಅವರು ಹುಟ್ಟಿದ್ದು 1839ರಲ್ಲಿ, ನ್ಯೂಯಾರ್ಕ್ ರಾಜ್ಯದ ಈಸ್ಟ್ ರಾಡ್‌ಮನ್ ಎಂಬ ಹಳ್ಳಿಯಲ್ಲಿ. ಆಲ್ಬನಿ ಪಟ್ಟಣದಲ್ಲಿ ಟೀಚರ್ ಟ್ರೇನಿಂಗ್ ಮುಗಿಸಿದ್ದು 1860ರಲ್ಲಿ. ಆಮೇಲೆ ಕೆಲವು ವರ್ಷ ಶಾಲೆಗಳಲ್ಲಿ ಪಾಠ ಹೇಳಿದರು. ಅಷ್ಟರಲ್ಲಿ ಸೈರಸ್ ಚಿಲ್ಕಾಟ್ ಎಂಬ ಬ್ಯಾಪ್ಟಿಸ್ಟ್ ಮಿಷನರಿಯ ಜೊತೆ ನಿಶ್ಚಿತಾರ್ಥ ಆಯಿತು. ಆತ ಮೊದಲು ಬ್ಯಾಂಕಾಕ್‌ಗೆ ಹೊರಟ. ಫೀಲ್ಡ್ 1865ರ ಡಿಸೆಂಬರ್‌ನಲ್ಲಿ ಹಡಗು ಹತ್ತಿದರು. ಹಾಂಗ್‌ಕಾಂಗ್ ಮುಟ್ಟಿದ್ದು 1866ರ ಮೇ ತಿಂಗಳಲ್ಲಿ. ಮದುವೆಯಾಗಬೇಕಿದ್ದ ಹುಡುಗ ಟೈಫಾಯ್ಡ್‌ನಿಂದ ತೀರಿಕೊಂಡಿದ್ದಾನೆ ಎಂದು ಅಲ್ಲಿಗೆ ಬಂದ ಮೇಲೆ ತಿಳಿಯಿತು. ಇವರು ಹಡಗು ಹತ್ತಿದ ಕೆಲವೇ ದಿನಗಳಲ್ಲಿ ಆತ ಸತ್ತಿದ್ದ. ತಿಂಗಳುಗಟ್ಟಲೆ ನಡುಸಮುದ್ರದಲ್ಲಿದ್ದವರಿಗೆ ಸುದ್ದಿ ಮುಟ್ಟಿಸುವ ದಾರಿಯೇ ಇರಲಿಲ್ಲ.

ವಾಪಸ್ ಹೋಗಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಫೀಲ್ಡ್ ಮುಂದಿನ ಹಡಗು ಹತ್ತಿ ಬ್ಯಾಂಕಾಕ್‌ಗೆ ಹೋದರು. ಅವನು ಮಾಡಬೇಕಿದ್ದ ಕೆಲಸವನ್ನು ತಾವೇ ಮಾಡುತ್ತೇನೆಂದು ಅಲ್ಲಿ ನಿಂತರು. ಆಗ ಅವರಿಗೆ 27 ವರ್ಷ.

ಇಲ್ಲಿಂದ ಅವರ ಭಾಷೆಯ ಕಥೆ ಶುರು. ಬ್ಯಾಂಕಾಕ್‌ನಲ್ಲಿ ಅವರ ಮಿಷನ್ ಕೆಲಸ ಮಾಡುತ್ತಿದ್ದದ್ದು ಸಯಾಮಿ (ಇಂದಿನ ಥಾಯ್) ಜನರ ನಡುವೆಯಲ್ಲ, ಅಲ್ಲಿಗೆ ವಲಸೆ ಬಂದ ಚೀನೀಯರ ನಡುವೆ. ಆ ಚೀನೀಯರಲ್ಲಿ ಬಹುಪಾಲು ಜನ ಸ್ವಾಟೋ ಬಂದರಿನ ಕಡೆಯವರು. ಈಗ ಆ ಊರನ್ನು ಶಾಂಟೌ ಎನ್ನುತ್ತಾರೆ. ಅವರ ಮಾತು ತಿಯೋಚ್ಯೂ. ಬೀಜಿಂಗ್‌ನ ಅಧಿಕಾರಿಗಳ ಚೀನೀ ಭಾಷೆ ಕಲಿತವರಿಗೆ ಇದು ಅರ್ಥವೇ ಆಗುವುದಿಲ್ಲ. ಹೀಗೆ ತಾನೇ ವಲಸೆ ಬಂದ ಒಬ್ಬ ಹೆಣ್ಣುಮಗಳು, ಇನ್ನೊಂದು ಕಡೆಯಿಂದ ವಲಸೆ ಬಂದವರ ಮಾತನ್ನು ಮೂರನೆಯ ದೇಶದಲ್ಲಿ ಕೂತು ಕಲಿಯತೊಡಗಿದಳು.

ಆ ಮಾತು ಎಷ್ಟು ಕಷ್ಟ ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ. ತಿಯೋಚ್ಯೂದಲ್ಲಿ ಎಂಟು ಸ್ವರಗಳಿವೆ. ಇಲ್ಲಿ ಸ್ವರ ಅಂದರೆ ನಮ್ಮ ಅ, ಆ, ಇ ಅಲ್ಲ, ದನಿಯ ಏರಿಳಿತ. ಒಂದೇ ಅಕ್ಷರವನ್ನು ದನಿ ಏರಿಸಿ, ಇಳಿಸಿ, ಬಗ್ಗಿಸಿ, ತುಂಡರಿಸಿ ಹೇಳಿದರೆ ಬೇರೆ ಬೇರೆ ಪದಗಳಾಗುತ್ತವೆ. ಸಾಲದ್ದಕ್ಕೆ, ಎರಡು ಪದ ಜೊತೆಗೆ ಬಂದರೆ ಮೊದಲನೆಯದರ ಸ್ವರವೇ ಬದಲಾಗುತ್ತದೆ. ಪುಸ್ತಕ ನೋಡಿ ಇದನ್ನು ಕಲಿಯುವುದು ಆಗದ ಮಾತು. ಕಿವಿಯಿಂದಲೇ ಕಲಿಯಬೇಕು. ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಳ್ಳಬೇಕು. ತನಗೆ ಹೀಗೆ ಕೇಳಿಸಬೇಕು ಅನ್ನುವ ಆಸೆಯನ್ನು ಪಕ್ಕಕ್ಕಿಡಬೇಕು. ಈ ಮೂರು ಕೆಲಸವನ್ನು ಫೀಲ್ಡ್ ವರ್ಷಗಟ್ಟಲೆ ಮಾಡಿದರು. ಅವರ ಮುಂದಿನ ವಿಜ್ಞಾನಕ್ಕೆ ಇದೇ ಮೊದಲ ಪಾಠಶಾಲೆ ಅಂತ ನಾನು ನಂಬುತ್ತೇನೆ.

ಬ್ಯಾಂಕಾಕ್‌ನ ಮಿಷನ್ ಜೊತೆ ಅವರಿಗೆ ಹೊಂದಾಣಿಕೆ ಆಗಲಿಲ್ಲ. ಊರಿನ ವ್ಯಾಪಾರಿಗಳು, ರಾಯಭಾರಿಗಳ ಮನೆಗಳಿಗೆ ಹೋಗಿ ಇಸ್ಪೀಟ್ ಆಡಿದರು, ಡಾನ್ಸ್ ಮಾಡಿದರು ಅನ್ನುವುದು ದೂರು. ಕೊನೆಗೆ ಅಮೆರಿಕಕ್ಕೆ ವಾಪಸ್ ಕರೆಸಿಕೊಂಡರು. ಹೋಗುವ ದಾರಿಯಲ್ಲಿ ಅವರು ಸ್ವಾಟೋದಲ್ಲಿ ಇಳಿದರು. ತಾವು ಕಲಿತ ಮಾತಿನ ತವರೂರು ಅದು. ಅಲ್ಲಿ ಏನು ಮಾಡಬಹುದು ಎಂಬುದು ಕಣ್ಣಿಗೆ ಕಂಡಿತು. ಅಮೆರಿಕದಲ್ಲಿ ಮಿಷನ್‌ನ ದೊಡ್ಡವರ ಎದುರು ತಮ್ಮ ವಾದ ಮಂಡಿಸಿ, ಒಪ್ಪಿಸಿ, 1873ರಲ್ಲಿ ಸ್ವಾಟೋಗೇ ಮರಳಿ ಬಂದರು.

ಅಲ್ಲಿ ಅವರು ಹಿಡಿದ ಕೆಲಸ, ಓದು ಬರಹ ಗೊತ್ತಿಲ್ಲದ ಹಳ್ಳಿ ಹೆಂಗಸರನ್ನು ಕಲೆಹಾಕಿ ಓದಲು ಕಲಿಸುವುದು. ಬಂದವರಲ್ಲಿ ಹೆಚ್ಚಿನವರು ವಯಸ್ಸಾದವರು, ವಿಧವೆಯರು. ಚಿಕ್ಕ ವಯಸ್ಸಿನವರನ್ನು ಮನೆಯಿಂದ ಹೊರಗೆ ಕಳಿಸುತ್ತಿರಲಿಲ್ಲ. ಫೀಲ್ಡ್ ಒಂದು ಸಲಕ್ಕೆ ಒಂದು ಕಥೆ ಕಲಿಸುತ್ತಿದ್ದರು. ಅದನ್ನು ಪೂರ್ತಿ ತಮ್ಮ ಮಾತಿನಲ್ಲಿ ಹೇಳಲು ಬಂದ ಮೇಲೆಯೇ ಮುಂದಿನದು. ಕಲಿತವರು ಇಬ್ಬಿಬ್ಬರಾಗಿ ಹಳ್ಳಿಗಳಿಗೆ ಹೋಗಿ ಹೇಳಿ ಬರುತ್ತಿದ್ದರು, ಮತ್ತೆ ಬಂದು ಕಲಿಯುತ್ತಿದ್ದರು. ಹೀಗೆ ನೂರಾರು ಹೆಂಗಸರು ಅವರ ಕೈಕೆಳಗೆ ತಯಾರಾದರು. ಗುರಿ ಧರ್ಮಪ್ರಚಾರವೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಜೀವನದಲ್ಲಿ ಒಂದು ಅಕ್ಷರ ಓದದ ಅರವತ್ತರ ಅಜ್ಜಿಗೆ ಪುಟ ಓದುವುದನ್ನು ಕಲಿಸುವುದು ಯಾವ ಕಾರಣಕ್ಕೆ ಮಾಡಿದರೂ ದೊಡ್ಡ ಕೆಲಸವೇ.

ಬೇರೆ ವಿದೇಶಿಯರಿಗೆ ಈ ಮಾತು ಕಲಿಸಲು ಅವರು 1878ರಲ್ಲಿ ಒಂದು ಪಾಠಪುಸ್ತಕ ಬರೆದರು. 1883ರಲ್ಲಿ ಸ್ವಾಟೋ ಮಾತಿನ ನಿಘಂಟು ಶಾಂಘೈನಲ್ಲಿ ಅಚ್ಚಾಯಿತು. ಅದರಲ್ಲಿ ಐದು ಸಾವಿರಕ್ಕೂ ಜಾಸ್ತಿ ಚೀನೀ ಅಕ್ಷರಗಳಿಗೆ ಉಚ್ಚಾರ, ಸ್ವರ, ಅರ್ಥ, ಬಳಕೆಯ ಮಾತು ಇವೆ. ಎಲ್ಲವನ್ನೂ ಉಚ್ಚಾರ ಮತ್ತು ಸ್ವರದ ಕ್ರಮದಲ್ಲಿ ಜೋಡಿಸಿದ್ದಾರೆ. ಅಂದರೆ ಕಿವಿಗೆ ಬಿದ್ದದ್ದನ್ನು ಹಿಡಿದು ಹುಡುಕಬಹುದು. ನೂರನಲವತ್ತು ವರ್ಷಗಳಾದ ಮೇಲೂ, 19ನೇ ಶತಮಾನದಲ್ಲಿ ಆ ಬಂದರಿನ ಜನ ಹೇಗೆ ಮಾತಾಡುತ್ತಿದ್ದರು ಎಂದು ತಿಳಿಯಲು ಭಾಷಾವಿಜ್ಞಾನಿಗಳು ಈ ಪುಸ್ತಕ ತೆರೆಯುತ್ತಾರೆ.

ನಮ್ಮ ಓದುಗರಿಗೆ ಇಲ್ಲೊಂದು ಹತ್ತಿರದ ಎಳೆ ಇದೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್, 1847ರಲ್ಲಿ ದಕ್ಷಿಣ ಚೀನಾಕ್ಕೂ ಜನರನ್ನು ಕಳಿಸಿತ್ತು. ಹಾಗೆ ಹೋದ ರುಡಾಲ್ಫ್ ಲೆಖ್ಲರ್ ಮೊದಲು ಕೆಲಸ ಮಾಡಿದ್ದು ಇದೇ ಸ್ವಾಟೋ ಸೀಮೆಯಲ್ಲಿ. ಕಿಟ್ಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಫೀಲ್ಡ್ ನಿಘಂಟು ಬಂದ ಹನ್ನೊಂದು ವರ್ಷಕ್ಕೆ. ಒಂದೇ ಕಾಲ, ಒಂದೇ ಬಗೆಯ ಹುಚ್ಚು ಹಟ.

ಈಗ ನಿಮ್ಮ ಪ್ರಶ್ನೆಯ ನಟ್ಟನಡುವಿಗೆ ಬರೋಣ. ಫೀಲ್ಡ್ ಪ್ರಕೃತಿ ವಿಜ್ಞಾನಿ ಆದದ್ದು ಯಾವಾಗ? ಅವರು ಇರುವೆ ಮುಟ್ಟುವ ಎಷ್ಟೋ ವರ್ಷ ಮೊದಲೇ ಎಂಬುದಕ್ಕೆ ನನ್ನ ಬಳಿ ಒಂದು ಪುರಾವೆ ಇದೆ.

ಹೆಣ್ಣು ಶಿಶುಗಳನ್ನು ಹುಟ್ಟಿದ ಕೂಡಲೇ ಕೊಲ್ಲುವ ಪದ್ಧತಿಯ ಬಗ್ಗೆ ಆಗ ಚೀನಾದಲ್ಲಿದ್ದ ವಿದೇಶಿಯರು ಬಾಯಿಗೆ ಬಂದಂತೆ ಮಾತಾಡುತ್ತಿದ್ದರು. ಅಂಥದ್ದೇ ಇಲ್ಲ ಅಂತ ಕೆಲವರು, ಎಲ್ಲ ಮನೆಯಲ್ಲೂ ಇದೆ ಅಂತ ಕೆಲವರು. ಫೀಲ್ಡ್ ಲೆಕ್ಕ ಹಾಕಿದರು. ಐವತ್ತು ದಾಟಿದ 160 ಹೆಂಗಸರನ್ನು ಕೂರಿಸಿಕೊಂಡು ಅವರ ಮಾತಿನಲ್ಲೇ ಕೇಳಿದರು. ಐವತ್ತು ದಾಟಿದವರನ್ನೇ ಕೇಳಿದ್ದನ್ನು ಗಮನಿಸಿ. ಇನ್ನು ಮಕ್ಕಳಾಗುವ ವಯಸ್ಸಲ್ಲ, ಹಾಗಾಗಿ ಲೆಕ್ಕ ಪೂರ್ತಿಯಾಗಿರುತ್ತದೆ. ಆ 160 ಜನ ಹೆತ್ತದ್ದು 631 ಗಂಡು, 538 ಹೆಣ್ಣು. ಗಂಡುಮಕ್ಕಳಲ್ಲಿ 366 ಮಂದಿ ಹತ್ತು ವರ್ಷ ದಾಟಿ ಬದುಕಿದರು. ಹೆಣ್ಣುಮಕ್ಕಳಲ್ಲಿ ಬದುಕಿದ್ದು 205 ಮಾತ್ರ. 158 ಹೆಣ್ಣು ಶಿಶುಗಳನ್ನು ತಾವೇ ಇಲ್ಲವಾಗಿಸಿದ್ದಾಗಿ ಆ ತಾಯಂದಿರೇ ಹೇಳಿದರು. ಒಂದು ಗಂಡುಮಗುವನ್ನೂ ಯಾರೂ ಹಾಗೆ ಮಾಡಿರಲಿಲ್ಲ.

ಇಂಥ ಮಾತನ್ನು ಒಬ್ಬ ತಾಯಿ ಪರದೇಶದವಳ ಮುಂದೆ ಹೇಳಬೇಕಾದರೆ ನಡುವೆ ದುಭಾಷಿ ಇದ್ದರೆ ಆಗುವುದಿಲ್ಲ. ಆಕೆಯ ಮನೆಮಾತು ಬರಬೇಕು. ಕೇಳುವವರ ಮುಖದಲ್ಲಿ ತೀರ್ಪು ಕಾಣಬಾರದು. ಈ ಹೆಂಗಸರು ಹೇಳಿದ ತಮ್ಮ ಬದುಕಿನ ಕಥೆಗಳನ್ನೂ ಅವರು ಹೇಳಿದಂತೆಯೇ ಬರೆದು 1884ರ ತಮ್ಮ ಪುಸ್ತಕದಲ್ಲಿ ಸೇರಿಸಿದರು. ನನ್ನ ಪ್ರಕಾರ ಫೀಲ್ಡ್ ವಿಜ್ಞಾನಿ ಆದದ್ದು ಇಲ್ಲಿ. ಊಹೆಯನ್ನು ಬದಿಗಿಟ್ಟು, ಯಾರನ್ನು ಕೇಳಬೇಕು ಎಂದು ಯೋಚಿಸಿ, ಎಣಿಸಿ, ಎಣಿಸಿದ್ದನ್ನು ಹಾಗೇ ಮುಂದಿಟ್ಟರು.

1883ರಲ್ಲಿ ರಜೆ ಮೇಲೆ ಅಮೆರಿಕಕ್ಕೆ ಬಂದವರು ಎರಡು ವರ್ಷ ಫಿಲಡೆಲ್ಫಿಯಾದಲ್ಲಿ ಉಳಿದರು. ಅಲ್ಲಿನ ನ್ಯಾಚುರಲ್ ಸೈನ್ಸಸ್ ಅಕಾಡೆಮಿಯಲ್ಲಿ ಜೀವಶಾಸ್ತ್ರ ಕಲಿತರು. ತಮ್ಮ ಹೆಂಗಸರಿಗೆ ಸುರಕ್ಷಿತ ಹೆರಿಗೆ ಕಲಿಸಬೇಕೆಂದು ಅದನ್ನೂ ಓದಿದರು. ಆಗ ಅವರಿಗೆ ನಲವತ್ತೈದರ ಹತ್ತಿರದ ವಯಸ್ಸು. ಮೊದಲ ಪ್ರಯೋಗ ಎರೆಹುಳದ ಮೇಲೆ. ಹುಳದ ಒಂದೊಂದು ತುದಿ ಕತ್ತರಿಸಿ, ಯಾವ ಭಾಗ ಮತ್ತೆ ಬೆಳೆಯುತ್ತದೆ, ಎಷ್ಟು ದಿನ ಬೇಕು ಎಂದು ನೋಡಿದರು. 1885ರಲ್ಲಿ ಆ ಬರಹವನ್ನು ಅಕಾಡೆಮಿಯೇ ಪ್ರಕಟಿಸಿತು. ಸ್ವಾಟೋಗೆ ವಾಪಸ್ ಹೋದ ಮೇಲೂ ಸೂಕ್ಷ್ಮದರ್ಶಕ ಬಿಡಲಿಲ್ಲ. ಅಲ್ಲಿನ ಸಿಹಿನೀರಿನಲ್ಲಿರುವ ಅಮೀಬಾ ಜಾತಿಯ ಜೀವಿಗಳ ಬಗ್ಗೆ 1887ರಲ್ಲಿ ಬರೆದರು. ಬೆಳಗ್ಗೆ ಅಜ್ಜಿಯರಿಗೆ ಓದು, ಬಿಡುವಾದಾಗ ಕೊಳದ ನೀರಿನ ಹನಿ.

1889ರಲ್ಲಿ ಐವತ್ತನೇ ವಯಸ್ಸಿಗೆ ಅವರು ಚೀನಾ ಬಿಟ್ಟರು. ನ್ಯೂಯಾರ್ಕ್‌ಗೆ ಬಂದು ನೆಲೆಸಿ, ಭಾಷಣ ಮತ್ತು ಪಾಠಗಳಿಂದ ಜೀವನ ನಡೆಸಿದರು. 1894ರಲ್ಲಿ ಹೆಂಗಸರಿಗೆ ರಾಜಕೀಯ ತಿಳಿವಳಿಕೆ ಕೊಡುವ ಲೀಗ್ ಒಂದನ್ನು ಕಟ್ಟಿದ ಆರು ಮಂದಿಯಲ್ಲಿ ಇವರೂ ಒಬ್ಬರು. ಮುಂದೆ ನ್ಯೂಯಾರ್ಕ್‌ನ ಹೆಸರಾಂತ ಟೌನ್ ಹಾಲ್ ಕಟ್ಟಡ ಕಟ್ಟಿಸಿದ್ದು ಇದೇ ಲೀಗ್. ಈ ಭಾಗ ಬೇರೆಯದೇ ದೊಡ್ಡ ಕಥೆ, ಇಲ್ಲಿ ಬಿಡುತ್ತೇನೆ.

ಇರುವೆಗಳು ಬರುವುದು ಇದಾದ ಮೇಲೆ. ಅಮೆರಿಕದ ಪೂರ್ವ ಕರಾವಳಿಯ ವುಡ್ಸ್ ಹೋಲ್‌ನಲ್ಲಿ ಕಡಲ ಜೀವಶಾಸ್ತ್ರದ ಪ್ರಯೋಗಶಾಲೆ ಇದೆ. ಬೇಸಿಗೆಯಲ್ಲಿ ದೇಶದ ಎಲ್ಲ ಕಡೆಯಿಂದ ಜೀವಶಾಸ್ತ್ರಜ್ಞರು ಅಲ್ಲಿಗೆ ಬರುತ್ತಾರೆ. ಸುಮಾರು 1900ರಿಂದ 1907ರವರೆಗೆ ಫೀಲ್ಡ್ ಅಲ್ಲಿ ಇರುವೆಗಳ ಮೇಲೆ ಕೆಲಸ ಮಾಡಿದರು. ಶುರು ಮಾಡಿದಾಗ ಅವರಿಗೆ 61. ಹುದ್ದೆ ಇಲ್ಲ, ಸಂಬಳ ಇಲ್ಲ, ಡಾಕ್ಟರೇಟ್ ಇಲ್ಲ.

ಅವರು ಮೊದಲು ಮಾಡಿದ್ದು ಒಂದು ಮನೆ. ಇರುವೆಗಳ ಮನೆ. ಅಲ್ಲಿಯವರೆಗೆ ಇದ್ದ ಮನೆಗಳಲ್ಲಿ ಎರಡು ಬಗೆ. ಇಂಗ್ಲೆಂಡಿನ ಲಬ್ಬಕ್ ಎರಡು ಗಾಜಿನ ನಡುವೆ ಮಣ್ಣು ತುಂಬುತ್ತಿದ್ದರು. ಅದರಲ್ಲಿ ಇರುವೆಗಳು ಮಣ್ಣಿನೊಳಗೆ ಸೇರಿಕೊಂಡರೆ ಕಾಣುವುದಿಲ್ಲ. ಫ್ರಾನ್ಸಿನ ಜಾನೆ ಪ್ಲಾಸ್ಟರ್ ಗಟ್ಟಿಯಲ್ಲಿ ಕೋಣೆ ಕೊರೆಯುತ್ತಿದ್ದರು. ಅದು ಭಾರ. ಫೀಲ್ಡ್ ಮಣ್ಣನ್ನೂ ಪ್ಲಾಸ್ಟರ್ ಅನ್ನೂ ಕೈಬಿಟ್ಟರು. ತಳಕ್ಕೆ ಒಂದು ಗಾಜಿನ ಹಲಗೆ. ಅದರ ಮೇಲೆ ಗಾಜಿನ ಪಟ್ಟಿಗಳನ್ನು ಅಂಟಿಸಿ ಗಿಡ್ಡ ಗೋಡೆ. ಗೋಡೆಯ ಮೇಲೆ ಟರ್ಕಿ ಟವೆಲ್ ಬಟ್ಟೆಯ ಪಟ್ಟಿ. ಅದರ ಮೇಲೆ ಗಾಜಿನ ಮುಚ್ಚಳ. ಟವೆಲ್‌ನ ಎಳೆಗಳ ನಡುವೆ ಗಾಳಿ ಆಡುತ್ತದೆ, ಆದರೆ ಇರುವೆ ನುಸುಳುವುದಿಲ್ಲ. ಒಳಗೆ ಎರಡು ಕೋಣೆ. ಒಂದರಲ್ಲಿ ನೀರು ಹೀರಿದ ಸ್ಪಂಜು, ಅದು ಮರಿಗಳ ಕೋಣೆ. ಇನ್ನೊಂದು ಊಟದ ಕೋಣೆ. ಊಟ ಅಂದರೆ ಜೇನು ನೆನೆಸಿದ ಕೇಕ್ ಚೂರು, ಬಾಳೆಹಣ್ಣು, ಸೇಬು, ಜಜ್ಜಿದ ಅಕ್ರೋಟ್, ಹುಳಗಳ ಮಾಂಸ.

ಮರಿಗಳ ಕೋಣೆ ಕತ್ತಲಾಗಿರಬೇಕು, ಇಲ್ಲದಿದ್ದರೆ ಇರುವೆಗಳು ಮರಿಗಳನ್ನು ಎತ್ತಿಕೊಂಡು ಓಡಾಡಿ ಕಂಗಾಲಾಗುತ್ತವೆ. ಆದರೆ ಕತ್ತಲಾದರೆ ನಮಗೆ ಕಾಣುವುದು ಹೇಗೆ? ಇರುವೆಗಳಿಗೆ ನೇರಳೆ ಮತ್ತು ಅದರಾಚೆಯ ಬೆಳಕು ಚೆನ್ನಾಗಿ ತಿಳಿಯುತ್ತದೆ, ಕೆಂಪು ಅಷ್ಟಾಗಿ ತಿಳಿಯುವುದಿಲ್ಲ. ಇದನ್ನು ಲಬ್ಬಕ್ ಮೊದಲೇ ತೋರಿಸಿದ್ದರು. ಫೀಲ್ಡ್ ಅದನ್ನು ಕೆಲಸಕ್ಕೆ ಹಚ್ಚಿದರು. ಕೆಂಪು-ಕಿತ್ತಳೆ ಬಣ್ಣದ ಗಾಜಿನ ಮುಚ್ಚಳ ಹಾಕಿದರು. ಇರುವೆಗಳ ಪಾಲಿಗೆ ಅದು ಕತ್ತಲು, ನೋಡುವವರ ಪಾಲಿಗೆ ಬೆಳಕು. ಕೈಯಲ್ಲಿ ಹಿಡಿದು ಒಂದೂರಿಂದ ಇನ್ನೊಂದೂರಿಗೆ ಒಯ್ಯಬಹುದಾದ ಈ ಮನೆಯ ವಿವರವನ್ನು 1900ರಲ್ಲಿ ಪ್ರಕಟಿಸಿದರು. ಅಮೆರಿಕದ ಇರುವೆ ವಿಜ್ಞಾನದ ಹಿರಿಯ ವಿಲಿಯಂ ಮಾರ್ಟನ್ ವೀಲರ್ ಇದನ್ನೇ ಬಳಸಿದರು, 1910ರ ತಮ್ಮ ದೊಡ್ಡ ಪುಸ್ತಕದಲ್ಲಿ ವಿವರಿಸಿದರು. ‘ಫೀಲ್ಡ್ ನೆಸ್ಟ್’ ಎಂಬ ಹೆಸರು ನಿಂತುಬಿಟ್ಟಿತು.

ಆಮೇಲಿನ ಏಳೆಂಟು ವರ್ಷಗಳಲ್ಲಿ ಒಂದರ ಹಿಂದೆ ಒಂದು ಬರಹ ಬಂದವು. ಎಲ್ಲವನ್ನೂ ಹೇಳಲು ಜಾಗ ಸಾಲದು. ಇರುವೆಗಳು ಎಷ್ಟು ಗಟ್ಟಿಜೀವ ಎಂಬುದರ ಮೇಲೆ ಅವರು ಮಾಡಿದ ಪ್ರಯೋಗಗಳು ಇಂದಿಗೂ ಬೆರಗು ಹುಟ್ಟಿಸುತ್ತವೆ. ಎಂಟು ದಿನ ನೀರಿನಲ್ಲಿ ಮುಳುಗಿಸಿಟ್ಟ ಇರುವೆಗಳಲ್ಲಿ ಕೆಲವು ಹೊರತೆಗೆದ ಮೇಲೆ ಚೇತರಿಸಿಕೊಂಡವು. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕಿದವು. ತಲೆ ತೆಗೆದ ಒಂದು ಮರಗೊದ್ದ 41 ದಿನ ಜೀವ ಹಿಡಿದಿತ್ತು. ನಮ್ಮ ಮನೆಗಳ ಸುತ್ತ ಓಡಾಡುವ ದೊಡ್ಡ ಕಪ್ಪು ಗೊದ್ದದ ಹತ್ತಿರದ ನೆಂಟ ಅದು, ಎರಡೂ ಕ್ಯಾಂಪೊನೋಟಸ್ ಕುಲದವು. ಓದುವಾಗ ಮನಸ್ಸಿಗೆ ಕಸಿವಿಸಿ ಆಗುತ್ತದೆ, ನನಗೂ ಆಗುತ್ತದೆ. ಕೀಟದ ಜೀವ ಒಂದೇ ತಲೆಯಲ್ಲಿ ಕೂತಿಲ್ಲ, ಮೈಯುದ್ದಕ್ಕೂ ಹಂಚಿಹೋಗಿದೆ ಎಂಬುದಕ್ಕೆ ಇದು ಕಣ್ಣಿಗೆ ಹೊಡೆಯುವ ಸಾಕ್ಷಿ.

ಇರುವೆಗೆ ಕಿವಿ ಕೇಳಿಸುತ್ತದಾ? ಹಾರ್ವರ್ಡ್‌ನ ಜಾರ್ಜ್ ಪಾರ್ಕರ್ ಜೊತೆ ಸೇರಿ 1904ರಲ್ಲಿ ಇದನ್ನು ಪರೀಕ್ಷಿಸಿದರು. ಪಿಯಾನೋ, ಪಿಟೀಲು, ಮನುಷ್ಯರಿಗೆ ಕೇಳಿಸದಷ್ಟು ತಾರಕದ ಸೀಟಿ ಎಲ್ಲ ಬಾರಿಸಿದರು. ಗಾಳಿಯಲ್ಲಿ ಬಂದ ಸದ್ದಿಗೆ ಇರುವೆಗಳು ಜಗ್ಗಲಿಲ್ಲ. ಅದೇ ಕಂಪನ ನೆಲದ ಮೂಲಕ, ಮರದ ಮೂಲಕ ಕಾಲಿಗೆ ತಾಗಿದರೆ ತಕ್ಷಣ ಎಚ್ಚೆತ್ತವು. ಇರುವೆಗಳ ಲೋಕ ಗಾಳಿಯ ಸದ್ದಿನದ್ದಲ್ಲ, ನೆಲದ ನಡುಕದ್ದು ಎಂಬ ಈ ತಿಳಿವಳಿಕೆ ಇಂದಿಗೂ ಬುಡದಲ್ಲಿ ಸರಿಯಾಗಿಯೇ ಇದೆ.

ಆದರೆ ನನಗೆ ಅವರ ಕೆಲಸದಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವುದು ವಾಸನೆಯ ಪ್ರಯೋಗಗಳು. ಒಂದು ಗೂಡಿನ ಇರುವೆ ಬೇರೆ ಗೂಡಿನದನ್ನು ಕಂಡರೆ ಕಚ್ಚಾಡುತ್ತದೆ. ತನ್ನವರನ್ನು ಬಿಡುತ್ತದೆ. ಗುರುತು ಹಿಡಿಯುವುದು ಮೀಸೆಯಿಂದ ಮುಟ್ಟಿ, ವಾಸನೆಯಿಂದ. ಇಷ್ಟು ಆಗಲೇ ಬಹಳ ಜನ ಹೇಳುತ್ತಿದ್ದರು. ಫೀಲ್ಡ್ ಕೇಳಿದ ಪ್ರಶ್ನೆ ಬೇರೆ: ತನ್ನವರ ವಾಸನೆ ಯಾವುದು ಅಂತ ಇರುವೆಗೆ ಹುಟ್ಟಿನಿಂದಲೇ ಗೊತ್ತಿರುತ್ತದಾ, ಇಲ್ಲಾ ಕಲಿಯುತ್ತದಾ?

ಅವರು ಬೇರೆ ಬೇರೆ ಜಾತಿಯ ಇರುವೆಗಳನ್ನು ಪೊರೆಯಿಂದ ಹೊರಬಂದ ಹನ್ನೆರಡು ಗಂಟೆಯೊಳಗೆ ಪ್ರತ್ಯೇಕಿಸಿ ಒಂದೇ ಕಡೆ ಬಿಟ್ಟರು. ಮುಂದಿನ ಮೂರು ದಿನ ಅವು ಒಂದನ್ನೊಂದು ಮೀಸೆಯಿಂದ ಮುಟ್ಟುವಂತೆ ನೋಡಿಕೊಂಡರು. ಆಮೇಲೆ ಅವು ಒಂದೇ ಮನೆಯವರಂತೆ ಬದುಕಿದವು. ಬೇರೆ ಗೂಡು ಮಾತ್ರವಲ್ಲ, ಬೇರೆ ಜಾತಿ, ಬೇರೆ ಕುಲ, ಕಾಡಿನಲ್ಲಿ ಎದುರಾದರೆ ಒಂದನ್ನೊಂದು ಸಿಗಿದು ಹಾಕುವಂಥವು. 1903ರಲ್ಲಿ ಇದನ್ನು ಪ್ರಕಟಿಸಿದರು. ಹುಟ್ಟಿದ ಮೊದಲ ದಿನಗಳಲ್ಲಿ ಯಾರ ನಡುವೆ ಇದ್ದೆವೋ ಅವರೇ ನಮ್ಮವರು ಎಂದು ಇರುವೆ ಕಲಿಯುತ್ತದೆ ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ. 1980ರ ದಶಕದಲ್ಲಿ ಕಾರ್ಲಿನ್ ಮತ್ತು ಹೋಲ್ಡೋಬ್ಲರ್ ಎಂಬ ಇರುವೆ ವಿಜ್ಞಾನಿಗಳು ಮಿಶ್ರ ಗೂಡುಗಳನ್ನು ಕಟ್ಟಿ ಗುರುತಿನ ವಾಸನೆಯನ್ನು ಅಧ್ಯಯನ ಮಾಡಿದಾಗ ತುಳಿದದ್ದು ಫೀಲ್ಡ್ ತೋರಿದ ಹಾದಿಯನ್ನೇ. ಆ ವಾಸನೆ ಇರುವೆಯ ಮೈಮೇಲಿನ ಮೇಣದಂಥ ಹೈಡ್ರೋಕಾರ್ಬನ್‌ಗಳಿಂದ ಬರುತ್ತದೆ ಎಂದು ಇವತ್ತು ಗೊತ್ತಿದೆ. ವಯಸ್ಸಾದಂತೆ ಕೆಲಸಗಾರ ಇರುವೆಯ ವಾಸನೆ ಬದಲಾಗುತ್ತದೆ ಅಂತಲೂ ಫೀಲ್ಡ್ ಹೇಳಿದ್ದರು. ಆ ಹೈಡ್ರೋಕಾರ್ಬನ್‌ಗಳ ಬೆರಕೆ ವಯಸ್ಸಿನ ಜೊತೆ ಬದಲಾಗುವುದನ್ನೂ ರಸಾಯನಶಾಸ್ತ್ರ ತೋರಿಸಿದೆ.

ಅವರು ಹೇಳಿದ್ದೆಲ್ಲ ನಿಲ್ಲಲಿಲ್ಲ, ಅದನ್ನೂ ಹೇಳಲೇಬೇಕು. ಇರುವೆಯ ಮೀಸೆ ಗಂಟುಗಂಟಾಗಿರುತ್ತದೆ. ಅವರು ಓದಿದ ಜಾತಿಯಲ್ಲಿ ಹನ್ನೆರಡು ಗಂಟು. ಒಂದೊಂದೇ ಗಂಟು ಕತ್ತರಿಸಿ ಇರುವೆ ಏನು ಮರೆಯುತ್ತದೆ ಎಂದು ನೋಡಿದರು. ತುದಿಯ ಗಂಟು ಹೋದರೆ ತನ್ನ ಗೂಡಿನ ವಾಸನೆ ತಿಳಿಯದು, ಅದರ ಕೆಳಗಿನ ಇನ್ನೊಂದು ಹೋದರೆ ತಾನು ನಡೆದ ಹಾದಿ ತಿಳಿಯದು, ಮತ್ತೊಂದು ಹೋದರೆ ಮರಿಗಳ ಕಡೆ ಗಮನ ಕೊಡದು ಎಂದು ಬರೆದರು. ಅಂದರೆ ಒಂದೊಂದು ಗಂಟು ಒಂದೊಂದು ಮೂಗು. ಕೇಳಲು ಬಹಳ ಚೆನ್ನಾಗಿದೆ, ಆದರೆ ಹಾಗಿಲ್ಲ. ವಾಸನೆ ಹಿಡಿಯುವ ಸೂಕ್ಷ್ಮ ಕೂದಲುಗಳು ಮೀಸೆಯ ಹಲವು ಗಂಟುಗಳಲ್ಲಿ ಹರಡಿರುತ್ತವೆ. ಗಂಟು ಕತ್ತರಿಸಿದ ಇರುವೆ ಗಾಯಗೊಂಡ ಇರುವೆ, ಅದರ ನಡವಳಿಕೆ ಬದಲಾಗಲು ಬೇರೆ ಕಾರಣಗಳೂ ಇರುತ್ತವೆ. ನಂತರದವರು ಈ ಮಾತನ್ನು ಒಪ್ಪಲಿಲ್ಲ. ಇದರಿಂದ ಫೀಲ್ಡ್ ಬಗ್ಗೆ ನನ್ನ ಗೌರವ ಕಡಿಮೆಯಾಗುವುದಿಲ್ಲ. ಬೇರೆಯವರು ಪರೀಕ್ಷಿಸಿ ತಳ್ಳಿಹಾಕಲು ಸಾಧ್ಯವಾಗುವಷ್ಟು ಸ್ಪಷ್ಟವಾಗಿ ಅವರು ಬರೆದಿದ್ದರು.

ಈಗ ‘ಹವ್ಯಾಸಿ’ ಎನ್ನುವ ಹಣೆಪಟ್ಟಿ. ಮೇಲೆ ಹೆಸರು ಬಂದ ಲಬ್ಬಕ್ ವೃತ್ತಿಯಿಂದ ಬ್ಯಾಂಕರ್, ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ. ಇರುವೆ ನೋಡಲು ಅವರಿಗೂ ಯಾರೂ ಸಂಬಳ ಕೊಡುತ್ತಿರಲಿಲ್ಲ. ಜಾನೆ ಎಂಜಿನಿಯರ್. ಇವರಿಬ್ಬರನ್ನು ನಾವು ಇರುವೆ ವಿಜ್ಞಾನದ ಹಿರಿಯರು ಎಂದು ಓದುತ್ತೇವೆ, ಬಿಡುವಿನಲ್ಲಿ ಮಾಡಿದರು ಎಂದು ಯಾರೂ ಮೊದಲ ಸಾಲಿನಲ್ಲಿ ಬರೆಯುವುದಿಲ್ಲ. ಫೀಲ್ಡ್ ವಿಷಯಕ್ಕೆ ಬಂದಾಗ ಮಾತ್ರ ಆ ಪದ ಹೆಸರಿನ ಮುಂದೆ ಬಂದು ಕೂರುತ್ತದೆ. ಇದು ನ್ಯಾಯವಲ್ಲ. ಹೆಂಗಸರಿಗೆ ಹುದ್ದೆಗಳ ಬಾಗಿಲೇ ಬಹುಪಾಲು ಮುಚ್ಚಿದ್ದ ಕಾಲದಲ್ಲಿ ಹುದ್ದೆ ಇರಲಿಲ್ಲ ಎಂಬುದನ್ನು ಕೆಲಸದ ಅಳತೆಗೋಲು ಮಾಡಬಾರದು. ಬೇರೆಯವರು ಬಳಸುವಂಥ ಸಲಕರಣೆ ಕೊಟ್ಟರಾ? ಕೊಟ್ಟರು. ಬೇರೆಯವರು ಮಾಡಿ ನೋಡಬಹುದಾದ ಪ್ರಯೋಗ ಬರೆದರಾ? ಬರೆದರು. ಎಂಬತ್ತು ವರ್ಷದ ನಂತರವೂ ಪ್ರಯೋಗಾಲಯಗಳಿಗೆ ಅದು ಬೇಕಾಯಿತಾ? ಬೇಕಾಯಿತು.

ಭಾಷೆ ಕಲಿತದ್ದಕ್ಕೂ ಇದಕ್ಕೂ ಇರುವ ನಂಟು ನಿಮಗೆ ಈಗ ಕಾಣುತ್ತಿರಬೇಕು. ತಿಯೋಚ್ಯೂ ಕಲಿಯುವವರು ತಮ್ಮ ಕಿವಿಯ ಅಭ್ಯಾಸವನ್ನು ಬಿಟ್ಟು, ಎದುರಿಗಿರುವವರಿಗೆ ಯಾವ ವ್ಯತ್ಯಾಸ ಮುಖ್ಯವೋ ಅದನ್ನು ಹುಡುಕಬೇಕು. ನಮಗೆ ಒಂದೇ ಅನ್ನಿಸುವ ಎರಡು ಸ್ವರ ಅವರಿಗೆ ಎರಡು. ಇರುವೆಯ ಮುಂದೆ ಕೂತಾಗಲೂ ಫೀಲ್ಡ್ ಕೇಳಿದ್ದು ಅದೇ: ನನ್ನ ಕಣ್ಣಿಗೆ ಒಂದೇ ತರ ಕಾಣುವ ಈ ಎರಡು ಇರುವೆಗಳಲ್ಲಿ ಆ ಮೂರನೆಯ ಇರುವೆ ಯಾವ ವ್ಯತ್ಯಾಸ ಗುರುತಿಸುತ್ತಿದೆ? ಕೆಂಪು ಗಾಜಿನ ಮುಚ್ಚಳದ ಹಿಂದೆ ಇರುವುದೂ ಇದೇ ಯೋಚನೆ. ನನಗೆ ಬೆಳಕು ಆದದ್ದು ಅದಕ್ಕೆ ಏನು? ವಯಸ್ಸಾದ ಮೇಲೆ ವಿಜ್ಞಾನಕ್ಕೆ ಬಂದವರು ಇಷ್ಟು ಬೇಗ ಇಷ್ಟು ಒಳ್ಳೆಯ ಪ್ರಶ್ನೆಗಳನ್ನು ಕೇಳಿದ್ದು ಹೇಗೆ ಅಂದರೆ, ಆ ತರಬೇತಿ ಬ್ಯಾಂಕಾಕ್ ಮತ್ತು ಸ್ವಾಟೋದಲ್ಲಿ ಎರಡು ದಶಕದಿಂದ ನಡೆದಿತ್ತು.

1907ರಲ್ಲಿ ಅವರು ಸಿಯಾಟಲ್‌ಗೆ ಹೋಗಿ ನೆಲೆಸಿದರು. ಅಲ್ಲಿ ಹೆಂಗಸರ ಮತದ ಹಕ್ಕು, ಜನರೇ ನೇರವಾಗಿ ಕಾನೂನು ತರುವ ಹಕ್ಕು ಇವುಗಳಿಗೆ ದುಡಿದರು. ವಾಷಿಂಗ್ಟನ್ ರಾಜ್ಯದ ಹೆಂಗಸರಿಗೆ 1910ರಲ್ಲಿ ಮತ ಸಿಕ್ಕಿತು. 1916ರ ಫೆಬ್ರವರಿಯಲ್ಲಿ, 76ನೇ ವಯಸ್ಸಿನಲ್ಲಿ ತೀರಿಕೊಂಡರು.

ನೀವು ಇವರನ್ನು ನೇರವಾಗಿ ಓದಬೇಕೆಂದರೆ ಅಡ್ಡಿಯಿಲ್ಲ. ನಿಘಂಟೂ, ಇರುವೆಗಳ ಬರಹಗಳೂ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲು 1903ರ ಮಿಶ್ರ ಗೂಡುಗಳ ಬರಹ ಓದಿ. ಕೆಲವೇ ಪುಟ, ಕಷ್ಟದ ಪದಗಳು ಕಡಿಮೆ. ಅದಾದ ಮೇಲೆ ಗಾಜಿನ ಮನೆಯ ಬರಹ. ಮೀಸೆಯ ಗಂಟುಗಳ ಬಗ್ಗೆ ಬರೆದದ್ದನ್ನು ಕೊನೆಗೆ ಇಟ್ಟುಕೊಳ್ಳಿ, ಮತ್ತು ಓದುವಾಗ ಪೆನ್ಸಿಲ್ ಹಿಡಿದು ಎಲ್ಲಿ ಸಾಕ್ಷಿ ಸಾಲದು ಅನ್ನಿಸುತ್ತದೋ ಅಲ್ಲಿ ಗುರುತು ಹಾಕಿ. ನಿಮಗೆ ಸಿಗುವ ಜಾಗಗಳನ್ನು ನನಗೂ ಬರೆದು ತಿಳಿಸಿ.